ತಿಳಿದೋ ತಿಳಿಯದೆಯೋ

ಅಮಾವಾಸ್ಯೆಯ ಬೆಳಿಗ್ಗೆ ಕೇಟರಿಂಗ್ ಸಾಹುಕಾರರೊಬ್ಬರು ಕಾವೇರಿ ಸಂಗಮಕ್ಕೆ ಬಂದರು. ಪಾಪ ಕಳೆದುಕೊಳ್ಳಲು... ಎಸಿ ಕಾರಿನಲ್ಲಿ.

ಮುಳುಗು ಹಾಕಿ, ಒದ್ದೆ ಪಂಚೆಯಲ್ಲೇ ಶಾಸ್ತ್ರಿಗಳ ಮುಂದೆ ಕೂತರು.

"ಯಾವ ಪಾಪಕ್ಕೆ ಪ್ರಾಯಶ್ಚಿತ್ತ? ಸಂಕಲ್ಪದಲ್ಲಿ ಹೇಳ್ಬೇಕು."

"ಜನರಲ್ಲಾಗಿ ಹೇಳ್ಬಿಡಿ ಸ್ವಾಮಿ... ತಿಳಿದೋ ತಿಳಿಯದೆಯೋ ಮಾಡಿದ್ದು ಅಂತ."

"ತಿಳಿಯದೆ ಮಾಡಿದ್ದಕ್ಕೆ ಯಾರೂ ಇಷ್ಟು ಪೆಟ್ರೋಲ್ ಸುಡಲ್ಲ ಸಾಹುಕಾರ್ರೇ. ತಿಳಿದು ಮಾಡಿದ್ದು ಯಾವುದು?"

ಸಾಹುಕಾರರು ನೀರನ್ನೇ ನೋಡುತ್ತಾ ಬಾಯಿಬಿಟ್ಟರು.

ಒಂದು ಮದುವೆಯ ಊಟ. ಖೋವಾ ಕೆಟ್ಟಿದೆ ಎಂದು ಗೊತ್ತಿದ್ದೂ ಪಾಯಸಕ್ಕೆ ಕೊಟ್ಟಿದ್ದರು. ಉಂಡವರು ಆಸ್ಪತ್ರೆ ಸೇರಿದರು. ಮದುಮಗಳ ಅಜ್ಜಿ ಮನೆಗೆ ಮರಳಲಿಲ್ಲ...

ಕೇಳಿದವರಿಗೆಲ್ಲ ಸಾಹುಕಾರರು ಹೇಳಿದ್ದು ಒಂದೇ ಮಾತು, "ಅಡುಗೆ ಭಟ್ಟರ ಕೈತಪ್ಪು."

ಶಾಸ್ತ್ರಿಗಳು ಎತ್ತಿದ ಕೈ ಹಾಗೇ ನಿಂತಿತು.

"ಆ ಭಟ್ರು ಶ್ರೀಕಂಠಯ್ಯನವರಾ?"

"ನಿಮಗೆ ಹೇಗೆ ಗೊತ್ತು?"

"ಇದೇ ಮದುವೆ, ಇದೇ ಪಾಯಸ, ಇದೇ ಅಜ್ಜಿ... ಅವರು ಪ್ರತಿ ಅಮಾವಾಸ್ಯೆ ಬಂದು ಪ್ರಾಯಶ್ಚಿತ್ತ ಮಾಡ್ಕೊಂಡು ಹೋಗ್ತಾರೆ. ಅಲ್ನೋಡಿ."

ಕೆಳಗಿನ ಮೆಟ್ಟಿಲಲ್ಲಿದ್ದ ಬಡಕಲು ಮುದುಕರು ಸಾಹುಕಾರರನ್ನು ಕಂಡವರೇ ಕೈಮುಗಿದು ಹತ್ತಿ ಬಂದರು.

"ನಿಮ್ಮ ಹೆಸರಿಗೆ ಮಸಿ ಬಳಿದುಬಿಟ್ಟೆ ಯಜಮಾನ್ರೇ. ಅವತ್ತು ನನಗೆ ನೆಗಡಿ... ವಾಸನೆ ಹಿಡೀಲಿಲ್ಲ. ಆಮೇಲೆ ಸೌಟು ಮುಟ್ಟಿಲ್ಲ. ಮನೇಲಿ ಯಾರು ಅಡುಗೆ ಮಾಡಿದ್ರೂ ಮೊದಲು ನಾನು ತಿಂದು, ಕಾದು ನೋಡಿ, ಆಮೇಲೇ ಮೊಮ್ಮಗಳಿಗೆ ಹಾಕ್ಸೋದು."

"ಹೋಗ್ಲಿ ಬಿಡಿ ಭಟ್ರೇ," ಎಂದರು ಸಾಹುಕಾರರು. ಕ್ಷಮಿಸಿದವರ ಹಾಗೆ!

ಶಾಸ್ತ್ರಿಗಳು ಸಾಹುಕಾರರ ಮುಖವನ್ನೇ ನೋಡಿದರು.

ಭಟ್ಟರು ಕಾಲಿಗೆ ಬೀಳಲು ಬಗ್ಗಿದರು... ಸಾಹುಕಾರರಿಗೆ ತಡೆಯಲಾಗಲಿಲ್ಲ. ಅವರ ಭುಜ ಹಿಡಿದೆತ್ತಿದರು.

"ಬೇಡ ಭಟ್ರೇ... ಖೋವಾ ಕೆಟ್ಟಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ."

ಭಟ್ಟರು ಬೈಯಲಿಲ್ಲ. ಕ್ಷಮಿಸಲೂ ಇಲ್ಲ.

ಮೆಟ್ಟಿಲ ಮೇಲೆ ಕುಸಿದು, ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾ ಅತ್ತರು...

ಶಾಸ್ತ್ರಿಗಳು ದರ್ಭೆ ಕಟ್ಟಿಟ್ಟರು. "ಸಂಕಲ್ಪ ಈಗ ಆಯ್ತು. ಪ್ರಾಯಶ್ಚಿತ್ತ ಇಲ್ಲಿ ಅಲ್ಲ ಸಾಹುಕಾರ್ರೇ, ಆ ಮದುವೆ ಮನೆಯವರ ಬಾಗಿಲಲ್ಲಿ. ಕಾರಲ್ಲಿ ಭಟ್ರಿಗೂ ಜಾಗ ಮಾಡಿ."

ನಾವು ಒಪ್ಪಿಕೊಳ್ಳದ ಪಾಪವನ್ನು ಇನ್ಯಾರೋ ತಮ್ಮದೆಂದುಕೊಂಡು ತೊಳೆಯುತ್ತಿರುತ್ತಾರೆ.

ನಿಮ್ಮದನ್ನು ಯಾರು ತೊಳೆಯುತ್ತಿದ್ದಾರೆ... ಒಮ್ಮೆ ಯೋಚಿಸಿದ್ದೀರಾ?