ಯಾಳಿನಿ ಕೇಳಿದ ಪ್ರಶ್ನೆ

ಉದ್ದಿನವಡೆ ಕರಿಯುವ ವಾಸನೆ ಬಂದರೆ ಇವತ್ತಿಗೂ ಮೆಲ್ಬರ್ನಿನಲ್ಲಿ ತಮಿಳರು ಸೇರಿದ್ದ ಸಭಾಂಗಣದ ಆ ಮಧ್ಯಾಹ್ನ ನೆನಪಾಗುತ್ತದೆ. ನನಗಾಗ ಒಂಬತ್ತು ವರ್ಷ.

ಶ್ರೀಲಂಕಾದಿಂದ ಬಂದಿದ್ದ ತಮಿಳು ನಾಯಕರೊಬ್ಬರು, ಒಂದೇ ದೇಶದಲ್ಲಿ ಎಲ್ಲರೂ ಸಮಾನರಾಗಿ ಬಾಳುವ ಬಗ್ಗೆ ಮಾತಾಡಿದ್ದರು. ಅವರಿಗೆ ಹಾರ ಹಾಕಿದವಳು ಯಾಳಿನಿ. ಯುದ್ಧಕ್ಕೆ ಹೆದರಿ ಜಾಫ್ನಾ ಬಿಟ್ಟುಬಂದ ಮನೆಯ ಹುಡುಗಿ, ನನ್ನ ಕ್ಲಾಸಿನವಳು. ಅವಳ ರೇಷ್ಮೆ ಲಂಗ, ತಡವರಿಸದ ತಮಿಳು ಎರಡೂ ನನ್ನ ಹೊಟ್ಟೆ ಉರಿಸಿದವು. ನಾನೋ ಅಮ್ಮನ ಕನ್ನಡಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದೆ. ಯಾಳಿನಿ ಮೈಕಿನಲ್ಲಿ ಏನೋ ಕೇಳಿದಳು. ನಾಯಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಏನು ಕೇಳಿದಳೆಂದು ಕಾರಿನಲ್ಲಿ, ತಮಿಳು ಬಲ್ಲ ಅಮ್ಮನನ್ನು ಪೀಡಿಸಿದೆ.

“ಊರಲ್ಲಿ ಬಿಟ್ಟುಬಂದ ನಮ್ಮನೇಲಿ ಈಗ ಯಾರಿದಾರೆ ಅಂತ ಕೇಳಿದ್ಳು, ಪುಟ್ಟಿ.”

“ಮತ್ತೆ ನಮ್ಮನೇಲಿ?” ಎಂದೆ.

“ಮೈಸೂರಲ್ಲಾ? ಅಜ್ಜಿ ಇದಾರಲ್ಲೇ.”

“ಓನ್ಲಿ ಅಜ್ಜಿ?” ಯಾರೂ ಕಣ್ಣೊರೆಸಿಕೊಳ್ಳುವಂಥ ಪ್ರಶ್ನೆ ನನ್ನ ಬಳಿ ಇಲ್ಲವಲ್ಲ ಎಂದು ನಾನು ಮುಖ ಊದಿಸಿಕೊಂಡೆ.