ಚೀಟಿ ಇಲ್ಲದ ಬಾಟಲಿ

ಹೆರಿಗೆ ರಜೆ ಮುಗಿಯುವ ಮೊದಲೇ ಅವಳು ಡೇರಿಯ ಲ್ಯಾಬಿಗೆ ಹಾಜರಾಗಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ, ಅವಳೂ ಬಾಯಿ ಬಿಡಲಿಲ್ಲ.

ಹೊಸ ಬಯೋಸೆನ್ಸರಿನ ತುದಿಗೆ ಕಿಣ್ವದ ತೆಳು ಪೊರೆಯಿತ್ತು. ಹಾಲಿನ ಒಂದು ಹನಿ ತಗುಲಿದರೆ ಸಾಕು, ಅದರಲ್ಲಿ ಸಕ್ಕರೆ ಶೇಕಡಾ ಎಷ್ಟೆಂದು ಪರದೆಯ ಮೇಲೆ ಮೂಡುತ್ತಿತ್ತು. ಬೆಳಗಿನಿಂದ ಬಂದ ಹಾಲೆಲ್ಲ ಐದರೊಳಗೇ ಇತ್ತು. ಕೊನೆಯ ಬಾಟಲಿಗೆ ಚೀಟಿ ಅಂಟಿಸಿರಲಿಲ್ಲ. ಅದು ಏಳು ತೋರಿಸಿತು.

“ಏಳಾ?” ಹಿರಿಯ ಕೆಮಿಸ್ಟ್ ಹತ್ತಿರ ಬಂದರು. “ಯಾರೋ ಸಕ್ಕರೆ ಸುರಿದಿದ್ದಾರೆ.”

“ಅಂಗಡಿ ಸಕ್ಕರೆನ ಈ ಕಿಣ್ವ ಮುಟ್ಟಲ್ಲ ಸರ್. ಇದು ಹಾಲಿಂದೇ ಸಿಹಿ.”

“ಹಾಗಾದ್ರೆ ಮಿಷನ್ನೇ ಕೆಟ್ಟಿದೆ.”

ಅವಳು ತುದಿಯನ್ನು ತೊಳೆದು ಬೆಳಗಿನ ಹಾಲನ್ನು ಇಟ್ಟಳು. ನಾಲ್ಕೂಮುಕ್ಕಾಲು. ಮತ್ತೆ ಆ ಬಾಟಲಿಯದನ್ನು ಇಟ್ಟಳು. ಏಳೇ.

“ಕೊಬ್ಬು, ಯೂರಿಯಾ, ಔಷಧಿ ಅಂಶ, ಎಲ್ಲಾನೂ ನೋಡಿದ್ದೀನಿ ಸರ್. ನಿಮಗೇನಾದ್ರೂ ದೋಷ ಕಾಣತ್ತಾ?”

ಅವರು ಅಂಕಿಗಳನ್ನು ನಿಧಾನವಾಗಿ ಓದಿದರು.

“ಯಾವ ದೋಷಾನೂ ಇಲ್ಲಮ್ಮಾ. ಒಳ್ಳೇ ಹಾಲು. ಯಾವ ಸೊಸೈಟಿದು?”

ಅವಳು ಬಿಳಿ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡಳು.

“ಅದನ್ನೇ ಬರೆದು ಸಹಿ ಹಾಕಿಕೊಡಿ ಸರ್. ನನ್ನ ಹಾಲು ಸರಿಯಿಲ್ಲದ್ದಕ್ಕೇ ಮಗು ಹೋಯ್ತು ಅಂತಾರೆ ನಮ್ಮತ್ತೆ.”