ಚೀಲದ ಬಳ್ಳಿ

ಕಾರ್ತಿಕ ಮಾಸ ಹುಟ್ಟಿತ್ತು. ಕೆರೆಯ ಜೌಗಿನಲ್ಲಿ ಬಿದ್ದ ಪ್ಲಾಸ್ಟಿಕ್ ಚೀಲಗಳೆಲ್ಲ ಎಂದಿನಂತೆ ಬೇರು ಬಿಟ್ಟು ಬಳ್ಳಿಯಾಗಿದ್ದವು. ಹೆಬ್ಬಾತುಗಳು ಇಳಿಯುವುದರೊಳಗೆ ಅವನ್ನು ಕೀಳಲು ರುದ್ರವ್ವ ಕರೆದಿದ್ದಳು; ತಮ್ಮ ಹೊಲಗಳಲ್ಲಿ ಆಕೆ ದುಡಿದದ್ದಕ್ಕೆ ಮುಯ್ಯಿಗೆ ಮುಯ್ಯಿ ಎಂದು ಊರ ಹೆಂಗಸರು ಕೂಲಿಯಿಲ್ಲದೆ ಕೆಸರಿಗಿಳಿದಿದ್ದರು. ಹೋದ ವರ್ಷ ಬಳ್ಳಿಗೆ ಕಾಲು ಸಿಕ್ಕಿ ಹನ್ನೊಂದು ಹಕ್ಕಿ ಸತ್ತಿದ್ದವು.

ರುದ್ರವ್ವ ಹಿಂದಿರುಗಿ ನೋಡಿದರೆ, ನೀಲವ್ವ ಮೆಂತ್ಯ ಚಿವುಟಿದಂತೆ ಬರೀ ಕುಡಿ ಚಿವುಟುತ್ತಿದ್ದಳು.

"ಬೇರು ಕೀಳಽ ಅಂತ ಎಷ್ಟ ಸಲ ಬಡಕೊಳ್ಳಲಿ? ವಾರದಾಗ ಮತ್ತ ಚಿಗರತೈತಿ!"

"ಕೈ ರೂಢಿ ಅಕ್ಕಾ. ಬೇರು ಉಳದ್ರ ಇನ್ನೊಮ್ಮೆ ಸೊಪ್ಪು ಸಿಗತೈತಲ್ಲ."

"ಏನ, ಪಲ್ಯ ಮಾಡ್ತೀ?"

ನೀಲವ್ವ ಕೈ ಒರೆಸಿಕೊಂಡಳು. "ಹೊತ್ತೇರಿತು. ನಿನ್ನ ಮುಯ್ಯಿ ತೀರತು."

ರುದ್ರವ್ವನಿಗೆ ರೇಗಿಹೋಯಿತು. "ನಿನ್ನ ಉಳ್ಳಾಗಡ್ಡಿ ಹೊಲದಾಗ ನಾ ಎರಡ ದಿನ ಕಳೆ ಕಿತ್ತೆ. ಹಿಂಗಽ ಚಿವುಟಿ ಬಂದಿದ್ರ?"

ನೀಲವ್ವ ಸೀರೆಯನ್ನು ಮತ್ತೆ ಎತ್ತಿ ಕಟ್ಟಿ, ತಾನು ಚಿವುಟಿದ ಸಾಲಿನ ಮೊದಲಿಗೆ ಹೋಗಿ ಮೊಣಕೈ ತನಕ ಕೆಸರಿನಲ್ಲಿ ಕೈಯಿಳಿಸಿದಳು.